ಹಳೆಯ ಪ್ರತಿ ಇರುವಾಗಲೇ ಎಎಸ್‌ಎಂ ಡಿಸ್ಕ್ ಗ್ರೂಪ್‌ನ ಹೆಸರು ಬದಲಾಯಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎರಡು ನೋಡ್‌ಗಳ (ಸರ್ವರ್‌ಗಳ) ಒಂದು ಟೆಸ್ಟ್ ಕ್ಲಸ್ಟರ್ ಇದೆ. ಡಿಸ್ಕ್‌ಗಳನ್ನು ಗ್ರೂಪ್‌ಗಳಾಗಿ ಕೂಡಿಸಿ ಡೇಟಾಬೇಸ್‌ನ ಫೈಲ್‌ಗಳನ್ನು ಇಡುವ ಒರಾಕಲ್‌ನ ವ್ಯವಸ್ಥೆಯಾದ ಎಎಸ್‌ಎಂ ಬಳಸುತ್ತೇವೆ. ಗ್ರಿಡ್ (ಕ್ಲಸ್ಟರ್ ಮತ್ತು ಎಎಸ್‌ಎಂ ನಡೆಸುವ ತಂತ್ರಾಂಶ) ಮತ್ತು ಡೇಟಾಬೇಸ್ ಎರಡೂ ಒರಾಕಲ್ 19ಸಿ ಆವೃತ್ತಿಯವು. ಪಿಡಿಬಿಗಳಿಲ್ಲದ (ತನ್ನೊಳಗೆ ಬೇರೆ ಡೇಟಾಬೇಸ್‌ಗಳನ್ನು ಇಟ್ಟುಕೊಳ್ಳದ), ಹಳೆಯ ಬಗೆಯ ಡೇಟಾಬೇಸ್. ಮೂರು ತಿಂಗಳ ಹಿಂದೆ ನಮ್ಮ ಸ್ಟೋರೇಜ್ ತಂಡದವರು ಪ್ರೊಡಕ್ಷನ್ ಡಿಸ್ಕ್‌ಗಳ ಸ್ನ್ಯಾಪ್‌ಶಾಟ್ (ಆ ಕ್ಷಣದ ಯಥಾಪ್ರತಿ) ತೆಗೆದು ಟೆಸ್ಟ್ ಕ್ಲಸ್ಟರ್‌ಗೆ ಜೋಡಿಸಿಕೊಟ್ಟಿದ್ದರು. ಆಗ ಅಲ್ಲಿ ಬೇರೆ ಡೇಟಾಬೇಸ್ ಇರಲಿಲ್ಲವಾದ್ದರಿಂದ ಯಾವ ಹೆಸರನ್ನೂ ಬದಲಾಯಿಸದೆ, ಪ್ರೊಡಕ್ಷನ್‌ನಲ್ಲಿದ್ದಂತೆಯೇ 'ಡೇಟಾ' ಮತ್ತು 'ಎಫ್‌ಆರ್‌ಎ' (ರಿಕವರಿಗೆ ಬೇಕಾದ ಫೈಲ್‌ಗಳದು) ಎಂಬ ಡಿಸ್ಕ್ ಗ್ರೂಪ್‌ಗಳನ್ನು ಮೌಂಟ್ ಮಾಡಿ (ಬಳಕೆಗೆ ಜೋಡಿಸಿ), 'ಎಚ್‌ಆರ್‌ಡಿಬಿ' ಎಂಬ ಹೆಸರಿನಲ್ಲೇ ಡೇಟಾಬೇಸನ್ನು ತೆರೆದೆವು. ಇದುವರೆಗೆ ಯಾವ ತೊಂದರೆಯೂ ಆಗಿಲ್ಲ.

ಈಗ ಸಂಬಳದ ಲೆಕ್ಕಾಚಾರವನ್ನು ಪರೀಕ್ಷಿಸುವ ತಂಡಕ್ಕೆ ಹೊಸ ದತ್ತಾಂಶ ಬೇಕಾಗಿದೆ. ಆದರೆ ಹಳೆಯ ಮತ್ತು ಹೊಸ ಫಲಿತಾಂಶಗಳನ್ನು ಹೋಲಿಸಿ ನೋಡಬೇಕಿರುವುದರಿಂದ ಇನ್ನೂ ಎರಡು ವಾರ ಹಳೆಯ ಪ್ರತಿಯೂ ಇರಬೇಕು ಎನ್ನುತ್ತಾರೆ. ಸ್ಟೋರೇಜ್ ತಂಡದವರು ಹೊಸ ಸ್ನ್ಯಾಪ್‌ಶಾಟ್‌ನ ಹತ್ತು ಡಿಸ್ಕ್‌ಗಳನ್ನು ಎರಡೂ ನೋಡ್‌ಗಳಿಗೆ ಜೋಡಿಸಿದ್ದಾರೆ. ಎಂಟು ಡಿಸ್ಕ್‌ಗಳು 'ಡೇಟಾ' ಗ್ರೂಪ್‌ನವು, ಎರಡು 'ಎಫ್‌ಆರ್‌ಎ' ಗ್ರೂಪ್‌ನವು. ರಿಡಂಡೆನ್ಸಿ ಎಕ್ಸ್‌ಟರ್ನಲ್, ಅಂದರೆ ಎಎಸ್‌ಎಂ ತಾನಾಗಿ ಎರಡನೆಯ ಪ್ರತಿಯನ್ನು ಇಡುವುದಿಲ್ಲ. ನಾವು ಎಎಸ್‌ಎಂಲಿಬ್ (ಡಿಸ್ಕ್‌ಗಳನ್ನು ಗುರುತಿಸುವ ಒರಾಕಲ್‌ನ ಲೈಬ್ರರಿ) ಬಳಸುವುದಿಲ್ಲ, ಲಿನಕ್ಸ್‌ನ ಯುಡೆವ್ ನಿಯಮಗಳ ಮೂಲಕ ಡಿಸ್ಕ್‌ಗಳಿಗೆ ಹೆಸರು ಕೊಡುತ್ತೇವೆ. ಕ್ಲಸ್ಟರ್‌ನ ಓಸಿಆರ್ (ಸಂರಚನೆಯ ದಾಖಲೆ) ಮತ್ತು ವೋಟಿಂಗ್ ಫೈಲ್‌ಗಳು (ಯಾವ ನೋಡ್‌ಗಳು ಕ್ಲಸ್ಟರ್‌ನಲ್ಲಿವೆ ಎಂದು ನಿರ್ಧರಿಸಲು ಬಳಸುವವು) ಪ್ರತ್ಯೇಕವಾದ ಒಂದು ಚಿಕ್ಕ ಗ್ರೂಪ್‌ನಲ್ಲಿವೆ.

ಒಂದೇ ಎಎಸ್‌ಎಂನಲ್ಲಿ ಒಂದೇ ಹೆಸರಿನ ಎರಡು ಗ್ರೂಪ್‌ಗಳನ್ನು ಮೌಂಟ್ ಮಾಡಲಾಗದು ಎಂಬುದು ಗೊತ್ತಿರುವುದರಿಂದ, ಹೊಸದಾಗಿ ಬಂದವುಗಳನ್ನು 'ಟಿಡೇಟಾ' ಮತ್ತು 'ಟಿಎಫ್‌ಆರ್‌ಎ' ಎಂದು ಬದಲಾಯಿಸಲು ರಿನೇಮ್‌ಡಿಜಿ ಸಾಧನವನ್ನು ಆರಿಸಿಕೊಂಡೆ. ಅದರ ಮೊದಲ ಹಂತವನ್ನು ಮಾತ್ರ ಓಡಿಸಿ ನೋಡಿದಾಗ ಕೆಎಫ್‌ಎನ್‌ಡಿಜಿ-00407 ಎಂಬ ದೋಷ ಬಂದಿತು. ಹೇಳಿದ ಡಿಸ್ಕ್ ಗ್ರೂಪ್‌ಗೆ ಸೇರಿದ ಡಿಸ್ಕ್‌ಗಳು ಸಿಗಲಿಲ್ಲ ಎಂಬುದು ಅದರ ಅರ್ಥ. ಡಿಸ್ಕ್‌ಗಳಂತೂ ನೋಡ್‌ನಲ್ಲಿ ಕಾಣುತ್ತಿವೆ.

ನನ್ನ ಪ್ರಶ್ನೆಗಳು ಮೂರು. ಈ ದೋಷಕ್ಕೆ ಕಾರಣವೇನಿರಬಹುದು? ಈಗ ನಡೆಯುತ್ತಿರುವ ಹಳೆಯ 'ಡೇಟಾ' ಗ್ರೂಪ್‌ಗೆ ಇದರಿಂದ ಧಕ್ಕೆಯಾಗುವ ಸಾಧ್ಯತೆ ಇದೆಯೇ? ಹೆಸರು ಬದಲಾದ ಮೇಲೆ ಡೇಟಾಬೇಸ್ ತೆರೆಯಲು ಡೇಟಾಫೈಲ್‌ಗಳ ದಾರಿಯನ್ನು ಬದಲಾಯಿಸಿದರೆ ಸಾಕೇ, ಅಥವಾ ಇನ್ನೇನಾದರೂ ಮಾಡಬೇಕೇ?

ಉತ್ತರ 1

ನಮಸ್ಕಾರ. ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು, ಆದರೂ ಮೊದಲನೆಯದು ಬಗೆಹರಿಯದೆ ಮುಂದೆ ಹೋಗಲಾಗದು. ಅದರಿಂದಲೇ ಆರಂಭಿಸುತ್ತೇನೆ.

ರಿನೇಮ್‌ಡಿಜಿ 11ಜಿಯ ಎರಡನೆಯ ಬಿಡುಗಡೆಯೊಂದಿಗೆ, ಅಂದರೆ 2009ರಲ್ಲಿ ಬಂದ ಸಾಧನ. ಅದು ನಡೆಯುತ್ತಿರುವ ಎಎಸ್‌ಎಂ ಇನ್‌ಸ್ಟನ್ಸ್‌ನ ಮೂಲಕ ಕೆಲಸ ಮಾಡುವುದಿಲ್ಲ. ತಾನೇ ನೇರವಾಗಿ ಡಿಸ್ಕ್‌ಗಳನ್ನು ಹುಡುಕಿ, ಪ್ರತಿಯೊಂದರ ಹೆಡರನ್ನು (ಆರಂಭದಲ್ಲಿರುವ ಗುರುತಿನ ಭಾಗವನ್ನು) ಓದಿ, ಅದರಲ್ಲಿ ಬರೆದಿರುವ ಗ್ರೂಪ್‌ನ ಹೆಸರನ್ನು ನೋಡುತ್ತದೆ. ಆದ್ದರಿಂದ ಎಲ್ಲಿ ಹುಡುಕಬೇಕೆಂಬುದನ್ನು ನೀವು ಎಎಸ್‌ಎಂ ಡಿಸ್ಕ್‌ಸ್ಟ್ರಿಂಗ್ ಎಂಬ ಆಯ್ಕೆಯ ಮೂಲಕ ಸ್ಪಷ್ಟವಾಗಿ ತಿಳಿಸಬೇಕು. ಈ ದೋಷ ಬಂದಾಗ ನಾನು ನೋಡುವ ಸಂಗತಿಗಳು ಇವು: ಆಜ್ಞೆಯನ್ನು ಗ್ರಿಡ್ ಬಳಕೆದಾರನಾಗಿಯೇ ಓಡಿಸಿದ್ದೀರಾ, ಹೊಸ ಡಿಸ್ಕ್‌ಗಳ ಒಡೆತನ ಮತ್ತು ಅನುಮತಿ ಹಳೆಯವುಗಳಂತೆಯೇ, ಅಂದರೆ 0660 ಆಗಿದೆಯೇ, ಡಿಸ್ಕ್‌ಸ್ಟ್ರಿಂಗ್‌ನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಅದನ್ನು ಉದ್ಧರಣ ಚಿಹ್ನೆಗಳ ಒಳಗೆ ಇಟ್ಟಿದ್ದೀರಾ. ಕೊನೆಯದನ್ನು ಮರೆತರೆ ಶೆಲ್ ಆ ನಕ್ಷತ್ರವನ್ನು ತಾನೇ ಬಿಡಿಸಿ ಕಡತಗಳ ಹೆಸರುಗಳ ಪಟ್ಟಿಯನ್ನಾಗಿ ಮಾಡಿಬಿಡುತ್ತದೆ, ಆಗ ಸಾಧನಕ್ಕೆ ನೀವು ಉದ್ದೇಶಿಸಿದ ನಮೂನೆ ತಲುಪುವುದೇ ಇಲ್ಲ.

ಇನ್ನು ನೀವು ಹೊಸ ಡಿಸ್ಕ್‌ಗಳಿಗೆ ಯುಡೆವ್‌ನಲ್ಲಿ ಯಾವ ದಾರಿ ಕೊಟ್ಟಿದ್ದೀರಿ ಎಂಬುದನ್ನು ಹೇಳಿಲ್ಲ. ಹಳೆಯ ಡಿಸ್ಕ್‌ಗಳಿರುವ ಡೈರೆಕ್ಟರಿಯಲ್ಲೇ ಇಟ್ಟಿದ್ದರೆ ದಯವಿಟ್ಟು ಇಂದೇ ಬೇರೆಡೆಗೆ ಸರಿಸಿ. ನಿಮ್ಮ ಹಳೆಯ ಪ್ರತಿಯೂ ಹೊಸ ಪ್ರತಿಯೂ ಒಂದೇ ಪ್ರೊಡಕ್ಷನ್ ಗ್ರೂಪ್‌ನ ಮಕ್ಕಳು. ಗ್ರೂಪ್‌ನ ಹೆಸರು, ಡಿಸ್ಕ್‌ನ ಹೆಸರು, ಡಿಸ್ಕ್‌ನ ಸಂಖ್ಯೆ ಎಲ್ಲವೂ ಎರಡರಲ್ಲೂ ಒಂದೇ. ಗ್ರೂಪ್ ಈಗಾಗಲೇ ಮೌಂಟ್ ಆಗಿರುವುದರಿಂದ ಸದ್ಯಕ್ಕೆ ಏನೂ ತೋರುತ್ತಿಲ್ಲ. ನಾಳೆ ಒಂದು ನೋಡ್ ರೀಬೂಟ್ ಆಗಿ ಎಎಸ್‌ಎಂ ಮತ್ತೆ ಎದ್ದು ಡಿಸ್ಕ್‌ಗಳನ್ನು ಹುಡುಕಿದಾಗ, ಒಂದೇ ಗುರುತಿನ ಎರಡೆರಡು ಡಿಸ್ಕ್‌ಗಳು ಕಂಡು, ಓಆರ್‌ಎ-15020 ದೋಷದೊಂದಿಗೆ ಹಳೆಯ ಗ್ರೂಪ್ ಕೂಡ ಮೌಂಟ್ ಆಗದೆ ಉಳಿಯಬಹುದು. ಹೊಸ ಡಿಸ್ಕ್‌ಗಳು ಎಎಸ್‌ಎಂ ಇನ್‌ಸ್ಟನ್ಸ್ ಹುಡುಕುವ ದಾರಿಯ ಹೊರಗೆ, ಆದರೆ ರಿನೇಮ್‌ಡಿಜಿಗೆ ಕಾಣುವ ಹಾಗೆ ಇರಬೇಕು. ಬೇರೆಯದೇ ಒಂದು ಡೈರೆಕ್ಟರಿಯಲ್ಲಿಟ್ಟರೆ ಇವೆರಡೂ ಒಟ್ಟಿಗೆ ಸಾಧ್ಯವಾಗುತ್ತವೆ, ಮತ್ತು ರಿನೇಮ್‌ಡಿಜಿ ಅಪ್ಪಿತಪ್ಪಿಯೂ ಹಳೆಯ ಪ್ರತಿಯ ಹೆಡರ್ ಮುಟ್ಟುವುದಿಲ್ಲ.

ಸಾಧನದ ಎರಡು ಹಂತಗಳ ಬಗ್ಗೆ ಎರಡು ಮಾತು. ಮೊದಲ ಹಂತದಲ್ಲಿ ಅದು ಡಿಸ್ಕ್‌ಗಳಲ್ಲಿ ಏನನ್ನೂ ಬರೆಯುವುದಿಲ್ಲ; ಒಂದು ಸಂರಚನಾ ಕಡತವನ್ನು ತಯಾರಿಸಿ, ಒಂದೊಂದು ಸಾಲಿನಲ್ಲಿ ಡಿಸ್ಕ್‌ನ ದಾರಿ, ಹಳೆಯ ಹೆಸರು, ಹೊಸ ಹೆಸರು ಎಂದು ಬರೆದಿಡುತ್ತದೆ. ಎರಡನೆಯ ಹಂತದಲ್ಲಿ ಆ ಕಡತವನ್ನೇ ಓದಿ ಹೆಡರ್‌ಗಳನ್ನು ತಿದ್ದುತ್ತದೆ. ಎರಡನ್ನೂ ಒಂದೇ ಆಜ್ಞೆಯಲ್ಲಿ ಮುಗಿಸಬಹುದಾದರೂ ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಹಂತ ಮುಗಿದ ಮೇಲೆ ಆ ಕಡತವನ್ನು ತೆರೆದು ಸಾಲುಗಳನ್ನು ಎಣಿಸಿ: 'ಡೇಟಾ'ಗೆ ಎಂಟು, 'ಎಫ್‌ಆರ್‌ಎ'ಗೆ ಎರಡು ಇರಬೇಕು, ಮತ್ತು ಪ್ರತಿ ದಾರಿಯೂ ಹೊಸ ಡೈರೆಕ್ಟರಿಯದಾಗಿರಬೇಕು. ಅನಂತರ ಎರಡನೆಯ ಹಂತವನ್ನು ಮೊದಲು ಚೆಕ್ ಎಂಬ ಆಯ್ಕೆಯೊಂದಿಗೆ ಓಡಿಸಿದರೆ ಏನೇನು ಬದಲಾಗಲಿದೆ ಎಂಬುದನ್ನು ತೋರಿಸಿ, ಏನನ್ನೂ ಬರೆಯದೆ ನಿಲ್ಲುತ್ತದೆ. ನಿಜವಾಗಿ ಬರೆಯುವಾಗ ನಡುವೆ ಏನಾದರೂ ಕೈಕೊಟ್ಟರೆ ಕೆಲವು ಡಿಸ್ಕ್‌ಗಳಲ್ಲಿ ಹೊಸ ಹೆಸರು, ಉಳಿದವುಗಳಲ್ಲಿ ಹಳೆಯ ಹೆಸರು ಇರುವ ಸ್ಥಿತಿ ಬರುತ್ತದೆ. ಆಗ ಕಾರಣವನ್ನು ಸರಿಪಡಿಸಿ ಎರಡನೆಯ ಹಂತವನ್ನು ಮತ್ತೆ ಓಡಿಸಲು ಅದೇ ಸಂರಚನಾ ಕಡತ ಬೇಕು. ಅದನ್ನು ಅಳಿಸಬೇಡಿ. ಪ್ರೊಡಕ್ಷನ್ ಗ್ರೂಪ್‌ನಲ್ಲಿ ವೋಟಿಂಗ್ ಫೈಲ್‌ಗಳಿದ್ದರೆ ಸ್ನ್ಯಾಪ್‌ಶಾಟ್‌ನೊಂದಿಗೆ ಅವೂ ಬಂದಿರುತ್ತವೆ, ಆದರೆ ಅವುಗಳನ್ನು ಉಳಿಸಿಕೊಳ್ಳುವಂತೆ ನೀವಾಗಿಯೇ ಕೇಳಿದರೆ ಮಾತ್ರ ರಿನೇಮ್‌ಡಿಜಿ ಉಳಿಸಿಕೊಳ್ಳುತ್ತದೆ. ನಿಮಗೆ ಅವು ಬೇಡ.

ಇದಾದ ಮೇಲೆ ಎಎಸ್‌ಎಂ ಇನ್‌ಸ್ಟನ್ಸ್‌ನ ಡಿಸ್ಕ್‌ಸ್ಟ್ರಿಂಗ್‌ಗೆ ಹೊಸ ಡೈರೆಕ್ಟರಿಯನ್ನೂ ಸೇರಿಸಿ. ಹಳೆಯದನ್ನು ತೆಗೆಯದೆ, ಎರಡನ್ನೂ ಒಟ್ಟಿಗೆ ಕೊಡಿ. ಈಗ ಮೌಂಟ್ ಆಗಿರುವ ಡಿಸ್ಕ್‌ಗಳನ್ನು ಬಿಟ್ಟುಹೋಗುವ ಮೌಲ್ಯವನ್ನು ಎಎಸ್‌ಎಂ ಒಪ್ಪುವುದೂ ಇಲ್ಲ. ನಂತರ 'ಟಿಡೇಟಾ' ಮತ್ತು 'ಟಿಎಫ್‌ಆರ್‌ಎ' ಮೌಂಟ್ ಮಾಡಿದರೆ ಕ್ಲಸ್ಟರ್‌ನಲ್ಲಿ ಅವುಗಳ ರಿಸೋರ್ಸ್‌ಗಳು ತಾವಾಗಿಯೇ ನೋಂದಣಿಯಾಗುತ್ತವೆ.

ಡಿಸ್ಕ್‌ಗಳ ಹೆಸರು ಮಾತ್ರ ಹಳೆಯದೇ ಇರುತ್ತದೆ. 'ಟಿಡೇಟಾ' ಗ್ರೂಪ್‌ನೊಳಗೆ 'ಡೇಟಾ_0000' ಎಂಬ ಡಿಸ್ಕ್ ಕಾಣುತ್ತದೆ. ಡಿಸ್ಕ್‌ನ ಹೆಸರು ಆಯಾ ಗ್ರೂಪ್‌ನೊಳಗೆ ಮಾತ್ರ ಬೇರೆಬೇರೆಯಾಗಿದ್ದರೆ ಸಾಕಾದ್ದರಿಂದ ಇದರಿಂದ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಮುಂದೊಂದು ದಿನ ಯಾರಾದರೂ ಡಿಸ್ಕ್ ತೆಗೆದುಹಾಕುವಾಗ ಈ ಹೆಸರನ್ನು ನೋಡಿ ತಪ್ಪು ಗ್ರೂಪ್‌ಗೆ ಕೈಹಾಕುವ ಸಾಧ್ಯತೆ ಇರುವುದರಿಂದ ನಾನು ಅದನ್ನೂ ಬದಲಾಯಿಸಿಬಿಡುತ್ತೇನೆ. 12ಸಿಯಿಂದ ಇದಕ್ಕೆ ದಾರಿಯಿದೆ: ಗ್ರೂಪನ್ನು ಒಂದೇ ನೋಡ್‌ನಲ್ಲಿ ರಿಸ್ಟ್ರಿಕ್ಟೆಡ್ ಆಗಿ (ಡೇಟಾಬೇಸ್‌ಗಳು ಬಳಸದಂತೆ) ಮೌಂಟ್ ಮಾಡಿ, ಆಲ್ಟರ್ ಡಿಸ್ಕ್‌ಗ್ರೂಪ್ ಆಜ್ಞೆಯಲ್ಲಿ ರಿನೇಮ್ ಡಿಸ್ಕ್ಸ್ ಆಲ್ ಎಂದು ಕೊಟ್ಟರೆ ಎಲ್ಲ ಡಿಸ್ಕ್‌ಗಳಿಗೂ ಹೊಸ ಗ್ರೂಪ್‌ನ ಹೆಸರು ಬರುತ್ತದೆ. ಡೇಟಾಬೇಸ್ ಇನ್ನೂ ಏಳದಿರುವ ಈ ಹೊತ್ತೇ ಅದಕ್ಕೆ ತಕ್ಕ ಸಮಯ.

ಮೂರನೆಯ ಪ್ರಶ್ನೆಗೆ: ಇಲ್ಲ, ಸಾಲದು. ರಿನೇಮ್‌ಡಿಜಿ ಡಿಸ್ಕ್‌ಗಳ ಹೆಡರ್ ಬಿಟ್ಟು ಬೇರೇನನ್ನೂ ತಿದ್ದುವುದಿಲ್ಲ. ಎಸ್‌ಪಿಫೈಲ್‌ನಲ್ಲಿರುವ (ಡೇಟಾಬೇಸ್‌ನ ಪ್ಯಾರಾಮೀಟರ್‌ಗಳ ಕಡತ) ದಾರಿಗಳು, ಕಂಟ್ರೋಲ್ ಫೈಲ್‌ನೊಳಗಿನ (ಡೇಟಾಬೇಸ್‌ನ ಫೈಲ್‌ಗಳ ಪಟ್ಟಿ ಇರುವ ಕಡತ) ಡೇಟಾಫೈಲ್, ರೀಡೂ ಲಾಗ್ (ಬದಲಾವಣೆಗಳ ದಾಖಲೆ) ಮತ್ತು ಟೆಂಪ್‌ಫೈಲ್‌ಗಳ (ತಾತ್ಕಾಲಿಕ ದತ್ತಾಂಶದವು) ದಾರಿಗಳು ಎಲ್ಲವೂ ಹಳೆಯ ಹೆಸರಿನಲ್ಲೇ ಇರುತ್ತವೆ. ಒಂದು ಅನುಕೂಲವೇನೆಂದರೆ, ಎಎಸ್‌ಎಂ ದಾರಿಯಲ್ಲಿ ಗ್ರೂಪ್‌ನ ಹೆಸರಿನ ಮುಂದಿನ ಭಾಗ, ಅಂದರೆ ಡೇಟಾಬೇಸ್‌ನ ಹೆಸರು, ಫೈಲ್‌ನ ಬಗೆ, ಕೊನೆಯಲ್ಲಿ ಬರುವ ಫೈಲ್ ಸಂಖ್ಯೆ ಮತ್ತು ಇನ್‌ಕಾರ್ನೇಶನ್ ಸಂಖ್ಯೆ, ಇದಾವುದೂ ಬದಲಾಗಿರುವುದಿಲ್ಲ. ದಾರಿಯ ಮೊದಲ ಪದವೊಂದನ್ನು ಬದಲಾಯಿಸಿದರೆ ಹೊಸ ದಾರಿ ಸಿಕ್ಕಿತು.

ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದಗಳು. ನೀವು ಹೇಳಿದ ಎರಡೂ ತಪ್ಪುಗಳು ನನ್ನಲ್ಲಿದ್ದವು: ಡಿಸ್ಕ್‌ಸ್ಟ್ರಿಂಗ್‌ಗೆ ಉದ್ಧರಣ ಚಿಹ್ನೆ ಹಾಕಿರಲಿಲ್ಲ, ಹೊಸ ಡಿಸ್ಕ್‌ಗಳು ಹಳೆಯವುಗಳ ಡೈರೆಕ್ಟರಿಯಲ್ಲೇ ಇದ್ದವು. ಯುಡೆವ್ ನಿಯಮ ತಿದ್ದಿ ಬೇರೆ ಡೈರೆಕ್ಟರಿಗೆ ತಂದ ಮೇಲೆ ಎರಡೂ ಹಂತಗಳು ಸರಾಗವಾಗಿ ಮುಗಿದವು. ಡಿಸ್ಕ್‌ಗಳ ಹೆಸರನ್ನೂ ಬದಲಾಯಿಸಿದೆ. ಈಗ ಎರಡೂ ನೋಡ್‌ಗಳಲ್ಲಿ 'ಟಿಡೇಟಾ' ಮತ್ತು 'ಟಿಎಫ್‌ಆರ್‌ಎ' ಮೌಂಟ್ ಆಗಿವೆ.

ಮುಂದಿನ ಹೆಜ್ಜೆಗಾಗಿ ಒಂದು ಸ್ಕ್ರಿಪ್ಟ್ ಸಿದ್ಧಪಡಿಸಿದ್ದೇನೆ. ಹೊಸ ಗ್ರೂಪ್‌ನಲ್ಲಿರುವ ಕಂಟ್ರೋಲ್ ಫೈಲ್ ಬಳಸಿ ಡೇಟಾಬೇಸನ್ನು ಮೌಂಟ್ ಸ್ಥಿತಿಗೆ ತಂದು, ಪ್ರತಿ ಫೈಲ್‌ಗೂ ಆಲ್ಟರ್ ಡೇಟಾಬೇಸ್ ರಿನೇಮ್ ಫೈಲ್ ಎಂಬ ಆಜ್ಞೆ ಕೊಡುವುದು ನನ್ನ ಯೋಜನೆ. ಡೇಟಾಫೈಲ್, ರೀಡೂ, ಟೆಂಪ್ ಎಲ್ಲ ಸೇರಿ 186 ಸಾಲುಗಳಾಗಿವೆ. ನಾಳೆ ಬೆಳಿಗ್ಗೆ ಹಳೆಯ ಪ್ರತಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ನೋಡ್‌ಗಳ ಮೆಮೊರಿಯನ್ನು ಬಿಡಿಸಿಕೊಂಡು ಇದನ್ನು ಓಡಿಸಲಿದ್ದೇನೆ. ಏನಾದರೂ ಬಿಟ್ಟುಹೋಗಿದೆಯೇ ಎಂದು ಯಾರಾದರೂ ನೋಡಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 2

ದಯವಿಟ್ಟು ಆ ಸ್ಕ್ರಿಪ್ಟನ್ನು ಓಡಿಸಬೇಡಿ. ಇದನ್ನು ನೀವು ಬೆಳಿಗ್ಗೆಗೆ ಮುಂಚೆ ಓದುತ್ತೀರಿ ಎಂದು ನಂಬಿದ್ದೇನೆ.

ರಿನೇಮ್ ಫೈಲ್ ಆಜ್ಞೆಗೆ ಅನೇಕರ ಗಮನಕ್ಕೆ ಬಾರದ ಒಂದು ಗುಣವಿದೆ. ಅದು ಕಂಟ್ರೋಲ್ ಫೈಲ್‌ನಲ್ಲಿರುವ ಹೆಸರನ್ನು ಬದಲಾಯಿಸುತ್ತದೆ ಎಂಬುದೇನೋ ನಿಜ. ಆದರೆ ಹಳೆಯ ಹೆಸರಿನ ಫೈಲ್ ಒರಾಕಲ್ ತಾನೇ ನಿರ್ವಹಿಸುವ ಫೈಲ್, ಅಂದರೆ ಓಎಂಎಫ್ ಆಗಿದ್ದು, ಆ ದಾರಿಯಲ್ಲಿ ನಿಜವಾಗಿಯೂ ಇದ್ದರೆ, ಅದನ್ನು ಅಳಿಸಿಬಿಡುತ್ತದೆ. ಇದು ದೋಷವಲ್ಲ, ಒರಾಕಲ್‌ನ ದಾಖಲೆಗಳಲ್ಲೇ ಹೀಗೆಂದು ಬರೆದಿದೆ. ಸಾಮಾನ್ಯವಾಗಿ ಡಿಸ್ಕ್ ಗ್ರೂಪ್‌ನ ಹೆಸರು ಬದಲಾಯಿಸಿದಾಗ ಹಳೆಯ ಹೆಸರಿನ ಗ್ರೂಪ್ ಇಲ್ಲವಾಗಿರುತ್ತದೆ, ಆದ್ದರಿಂದ ಅಳಿಸಲು ಏನೂ ಸಿಗುವುದಿಲ್ಲ ಮತ್ತು ಈ ಗುಣ ಯಾರಿಗೂ ಕಾಣುವುದಿಲ್ಲ. ನಿಮ್ಮಲ್ಲಿ ಹಾಗಿಲ್ಲ. ಎರಡೂ ಪ್ರತಿಗಳು ಒಂದೇ ಪ್ರೊಡಕ್ಷನ್‌ನಿಂದ ಬಂದವು, ಹಾಗಾಗಿ ಮೂರು ತಿಂಗಳ ಹಿಂದೆಯೂ ಇದ್ದ ಫೈಲ್‌ಗಳಿಗೆಲ್ಲ ಫೈಲ್ ಸಂಖ್ಯೆ ಮತ್ತು ಇನ್‌ಕಾರ್ನೇಶನ್ ಸಂಖ್ಯೆಯ ಸಮೇತ ಅದೇ ದಾರಿ ಹಳೆಯ 'ಡೇಟಾ' ಗ್ರೂಪ್‌ನಲ್ಲಿ ಈಗಲೂ ಇದೆ. ಹಳೆಯ ಡೇಟಾಬೇಸ್ ನಡೆಯುತ್ತಿದ್ದರೆ ಫೈಲ್ ಬಳಕೆಯಲ್ಲಿದೆ ಎಂದು ಎಎಸ್‌ಎಂ ಅಳಿಸಲು ಬಿಡುತ್ತಿರಲಿಲ್ಲ. ನೀವು ಅದನ್ನು ನಿಲ್ಲಿಸುತ್ತೇನೆ ಎನ್ನುತ್ತಿದ್ದೀರಿ. ಆಗ ನಿಮ್ಮ 186 ಸಾಲುಗಳು ಒಂದೊಂದಾಗಿ, ಪರೀಕ್ಷಾ ತಂಡ ಉಳಿಸಿಕೊಡಿ ಎಂದು ಕೇಳಿರುವ ಪ್ರತಿಯನ್ನೇ ಅಳಿಸುತ್ತಾ ಹೋಗುತ್ತವೆ, ಮತ್ತು ಪರದೆಯ ಮೇಲೆ ಪ್ರತಿ ಸಾಲೂ ಯಶಸ್ವಿಯಾಯಿತೆಂದು ತೋರಿಸುತ್ತದೆ.

ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಹೊಸ ಪ್ರತಿಯ ಎಸ್‌ಪಿಫೈಲ್‌ನಲ್ಲಿ ಕಂಟ್ರೋಲ್ ಫೈಲ್‌ನ ದಾರಿ ಇನ್ನೂ 'ಡೇಟಾ' ಎಂದೇ ಇದ್ದರೆ, ಆರಂಭಿಸಿದ ಕೂಡಲೇ ಅದು ದೋಷ ಕೊಡದೆ ಹಳೆಯ ಪ್ರತಿಯ ಕಂಟ್ರೋಲ್ ಫೈಲನ್ನು ಹಿಡಿದುಕೊಳ್ಳುತ್ತದೆ. ಕಂಟ್ರೋಲ್ ಫೈಲ್ ಹೊಸದಾಗಿದ್ದು ಒಂದೆರಡು ಡೇಟಾಫೈಲ್‌ಗಳ ದಾರಿ ಬದಲಾಯಿಸಲು ಮರೆತುಹೋಗಿದ್ದರೆ, ತೆರೆಯುವಾಗ ಆ ಫೈಲ್‌ಗೆ ಮೀಡಿಯಾ ರಿಕವರಿ ಬೇಕು ಎಂಬ ಓಆರ್‌ಎ-01113 ಬರಬಹುದು. ಆ ಸಾಲನ್ನು ಕಂಡರೆ ನಮ್ಮಲ್ಲಿ ಹೆಚ್ಚಿನವರ ಬೆರಳು ತಾನಾಗಿಯೇ ರಿಕವರ್ ಎಂದು ಒತ್ತುತ್ತದೆ. ಆಗ ಬರೆಯುವುದು ಹಳೆಯ ಪ್ರತಿಯ ಫೈಲ್‌ಗೆ. ಡಿಬಿಐಡಿಯೂ (ಡೇಟಾಬೇಸ್‌ನ ಗುರುತಿನ ಸಂಖ್ಯೆ) ಒಂದೇ ಆಗಿರುವುದರಿಂದ ಇದು ನಿಮ್ಮ ಫೈಲ್ ಅಲ್ಲ ಎಂದು ಡೇಟಾಬೇಸ್ ತಾನಾಗಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಹೆಸರು ಬದಲಾಯಿಸುವ ಕೆಲಸದಲ್ಲಿ ಹಳೆಯ ಹೆಸರು ಎಲ್ಲೋ ಉಳಿದುಹೋಗಿ ದೋಷ ಕೊಟ್ಟರೆ ಅದು ಒಳ್ಳೆಯದೇ, ಏಕೆಂದರೆ ಎಲ್ಲಿ ಉಳಿದಿದೆ ಎಂಬುದು ಗೊತ್ತಾಗುತ್ತದೆ. ನಿಮ್ಮಲ್ಲಿ ಹಳೆಯ ಹೆಸರು ದೋಷ ಕೊಡುವುದಿಲ್ಲ, ಬೇರೊಬ್ಬರ ಮನೆಯ ಬಾಗಿಲು ತೆರೆಯುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ, ಹೊಸ ಡೇಟಾಬೇಸನ್ನು ಮೊದಲ ಸಲ ಎಬ್ಬಿಸುವಷ್ಟು ಹೊತ್ತು ಹಳೆಯ ಡೇಟಾಬೇಸನ್ನು ನಿಲ್ಲಿಸಿ, 'ಡೇಟಾ' ಮತ್ತು 'ಎಫ್‌ಆರ್‌ಎ' ಗ್ರೂಪ್‌ಗಳನ್ನು ಎರಡೂ ನೋಡ್‌ಗಳಲ್ಲಿ ಡಿಸ್‌ಮೌಂಟ್ ಮಾಡಿಡಿ. ಬರೀ ಡೇಟಾಬೇಸ್ ನಿಲ್ಲಿಸುವುದು ಅತ್ಯಂತ ಕೆಟ್ಟ ನಡುಸ್ಥಿತಿ. ಫೈಲ್‌ಗಳು ತೆರೆದಿಲ್ಲ, ಆದರೆ ಕೈಗೆಟುಕುತ್ತವೆ. ಗ್ರೂಪ್ ಡಿಸ್‌ಮೌಂಟ್ ಆದರೆ ಮರೆತ ಪ್ರತಿಯೊಂದು ದಾರಿಯೂ ಕೂಡಲೇ ದೋಷ ಕೊಡುತ್ತದೆ.

ಎರಡನೆಯದು, ರಿನೇಮ್ ಫೈಲ್ ಆಜ್ಞೆಯನ್ನೇ ಬಿಟ್ಟು ಕಂಟ್ರೋಲ್ ಫೈಲನ್ನು ಹೊಸದಾಗಿ ರಚಿಸಿ. ಆ ಆಜ್ಞೆ ಯಾವ ಡೇಟಾಫೈಲನ್ನೂ ಅಳಿಸುವುದಿಲ್ಲ. ಪ್ರೊಡಕ್ಷನ್‌ನಲ್ಲಿ ಕಂಟ್ರೋಲ್ ಫೈಲನ್ನು ಟ್ರೇಸ್ ಆಗಿ ಬರೆಸಿಕೊಂಡರೆ ಸಿದ್ಧ ಸ್ಕ್ರಿಪ್ಟ್ ಸಿಗುತ್ತದೆ. ಸ್ನ್ಯಾಪ್‌ಶಾಟ್ ತೆಗೆದ ಅನಂತರ ಅಲ್ಲಿ ಹೊಸ ಡೇಟಾಫೈಲ್ ಸೇರಿಸಿದ್ದರೆ ಆ ಸಾಲನ್ನು ತೆಗೆಯಿರಿ. ಅದರಲ್ಲಿ ರೀಸೆಟ್‌ಲಾಗ್ಸ್ (ರೀಡೂ ಲಾಗ್‌ಗಳನ್ನು ಹೊಸದಾಗಿ ಆರಂಭಿಸುವ ಆಯ್ಕೆ) ಇಲ್ಲದ ಭಾಗವನ್ನು ಆರಿಸಿ, ಎಲ್ಲ ದಾರಿಗಳ ಮೊದಲ ಪದವನ್ನು ಬದಲಾಯಿಸಿ. ಹೊಸ ಗ್ರೂಪ್‌ನಲ್ಲಿರುವ ಎಸ್‌ಪಿಫೈಲ್‌ನಿಂದ ಪಠ್ಯರೂಪದ ಪಿಫೈಲ್ ಮಾಡಿಕೊಂಡು, ಕಂಟ್ರೋಲ್ ಫೈಲ್‌ನ ದಾರಿ, ಹೊಸ ಫೈಲ್‌ಗಳನ್ನು ರಚಿಸುವ ಜಾಗ, ರಿಕವರಿ ಜಾಗ, ಆರ್ಕೈವ್ ಲಾಗ್‌ನ ಜಾಗ ಇವನ್ನೆಲ್ಲ ತಿದ್ದಿ. ಡಿಬಿ ಯೂನಿಕ್ ನೇಮ್ ಹಳೆಯ ಪ್ರತಿಯದಕ್ಕಿಂತ ಬೇರೆಯಾಗಿರಲಿ. ಕ್ಲಸ್ಟರ್ ಡೇಟಾಬೇಸ್ ಎಂಬ ಪ್ಯಾರಾಮೀಟರನ್ನು ತಾತ್ಕಾಲಿಕವಾಗಿ ಫಾಲ್ಸ್ ಮಾಡಿ. ಆ ಪಿಫೈಲ್‌ನಲ್ಲಿ, ಎಎಸ್‌ಎಂ ದಾರಿಯ ಆರಂಭದಲ್ಲಿ ಬರುವ ಕೂಡಿಸುವ ಚಿಹ್ನೆಯೊಂದಿಗೆ 'ಡೇಟಾ' ಅಥವಾ 'ಎಫ್‌ಆರ್‌ಎ' ಎಂದು ಒಂದು ಸಲವೂ ಇಲ್ಲ ಎಂಬುದನ್ನು ಹುಡುಕಿ ಖಚಿತಪಡಿಸಿಕೊಳ್ಳಿ.

ಎರಡೂ ಗ್ರೂಪ್‌ಗಳ ಸ್ನ್ಯಾಪ್‌ಶಾಟನ್ನು ಸ್ಟೋರೇಜ್ ತಂಡದವರು ಒಂದೇ ಕ್ಷಣದಲ್ಲಿ, ಒಂದೇ ಕನ್ಸಿಸ್ಟೆನ್ಸಿ ಗ್ರೂಪ್ ಆಗಿ ತೆಗೆದಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಹಾಗಿದ್ದರೆ ಈ ಪ್ರತಿಯು ವಿದ್ಯುತ್ ಹೋಗಿ ನಿಂತ ಡೇಟಾಬೇಸ್‌ನಂತೆಯೇ. ಆನ್‌ಲೈನ್ ರೀಡೂ ಲಾಗ್‌ಗಳು ಜೊತೆಗಿರುವುದರಿಂದ ಕಂಟ್ರೋಲ್ ಫೈಲ್ ರಚಿಸಿ, ರಿಕವರ್ ಡೇಟಾಬೇಸ್ ಕೊಟ್ಟು, ಸಾಮಾನ್ಯ ರೀತಿಯಲ್ಲೇ ತೆರೆಯಬಹುದು. ಟೆಂಪ್‌ಫೈಲ್‌ಗಳನ್ನು ಆಮೇಲೆ ಸೇರಿಸಬೇಕು. ಬ್ಲಾಕ್ ಚೇಂಜ್ ಟ್ರ್ಯಾಕಿಂಗ್ (ಬ್ಯಾಕಪ್‌ಗಾಗಿ ಬದಲಾದ ಬ್ಲಾಕ್‌ಗಳ ದಾಖಲೆ) ಬೇಕಿದ್ದರೆ ಮತ್ತೆ ಹೊಸ ಗ್ರೂಪ್‌ನಲ್ಲಿ ಚಾಲೂ ಮಾಡಿ. ಒರಾಕಲ್‌ನ ಬ್ಯಾಕಪ್ ಸಾಧನವಾದ ಆರ್‌ಮ್ಯಾನ್‌ನ ಹಳೆಯ ಬ್ಯಾಕಪ್ ದಾಖಲೆಗಳು ಹೊಸ ಕಂಟ್ರೋಲ್ ಫೈಲ್‌ನಲ್ಲಿ ಇರುವುದಿಲ್ಲ. ಟೆಸ್ಟ್ ಪ್ರತಿಗೆ ಅದರಿಂದ ನಷ್ಟವಿಲ್ಲ.

ಕೊನೆಯದಾಗಿ ಡಿಬಿಐಡಿ. ಮೂರು ಡೇಟಾಬೇಸ್‌ಗಳು ಒಂದೇ ಡಿಬಿಐಡಿ ಹೊತ್ತು ತಿರುಗುವುದು ಸರಿಯಲ್ಲ. ಒಮ್ಮೆ ತೆರೆದು, ಸರಿಯಾಗಿ ಮುಚ್ಚಿ, ಮತ್ತೆ ಮೌಂಟ್ ಸ್ಥಿತಿಗೆ ತಂದು ಎನ್‌ಐಡಿ ಸಾಧನದಿಂದ ಡೇಟಾಬೇಸ್‌ನ ಹೆಸರು ಮತ್ತು ಡಿಬಿಐಡಿ ಎರಡನ್ನೂ ಬದಲಾಯಿಸಿ. ಅನಂತರದ ಮೊದಲ ತೆರೆಯುವಿಕೆ ರೀಸೆಟ್‌ಲಾಗ್ಸ್‌ನೊಂದಿಗೆ ಆಗಬೇಕು. ಇಷ್ಟಾದ ಮೇಲೆ ಹಳೆಯ ಗ್ರೂಪ್‌ಗಳನ್ನು ಮತ್ತೆ ಮೌಂಟ್ ಮಾಡಬಹುದು.

ಪ್ರಶ್ನೆ ಕೇಳಿದವರಿಂದ

ರಾತ್ರಿ ಹತ್ತೂವರೆಗೆ ನಿಮ್ಮ ಉತ್ತರವನ್ನು ಓದಿದೆ. ಆ ಸ್ಕ್ರಿಪ್ಟನ್ನು ಆಗಲೇ ಸರ್ವರ್‌ನಿಂದ ತೆಗೆದುಹಾಕಿ ಮಲಗಿದೆ. ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ನಿಮ್ಮ ಮಾತು ನಮ್ಮಲ್ಲಿ ಅನ್ವಯಿಸುತ್ತದೆಯೇ ಎಂದು ಮೊದಲು ನೋಡಿಕೊಂಡೆ. ಎಎಸ್‌ಎಂಸಿಎಂಡಿಯಲ್ಲಿ (ಎಎಸ್‌ಎಂನ ಆಜ್ಞಾ ಸಾಧನ) 'ಡೇಟಾ' ಮತ್ತು 'ಟಿಡೇಟಾ' ಎರಡರ ಡೇಟಾಫೈಲ್ ಪಟ್ಟಿಗಳನ್ನು ತೆಗೆದು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ, ಈ ಮೂರು ತಿಂಗಳಲ್ಲಿ ಪ್ರೊಡಕ್ಷನ್‌ನಲ್ಲಿ ಸೇರಿಸಿದ್ದ ನಾಲ್ಕು ಫೈಲ್‌ಗಳನ್ನು ಬಿಟ್ಟರೆ ಉಳಿದೆಲ್ಲವೂ ಕೊನೆಯ ಅಂಕೆಯವರೆಗೆ ಒಂದೇ ಆಗಿದ್ದವು. ಸಿಸ್ಟಮ್ ಟೇಬಲ್‌ಸ್ಪೇಸ್‌ನ ಫೈಲ್ ಕೂಡ.

ಸ್ನ್ಯಾಪ್‌ಶಾಟ್ ಒಂದೇ ಕನ್ಸಿಸ್ಟೆನ್ಸಿ ಗ್ರೂಪ್‌ನದೆಂದು ಸ್ಟೋರೇಜ್ ತಂಡದವರು ಖಚಿತಪಡಿಸಿದರು. ಹಳೆಯ ಡೇಟಾಬೇಸ್ ನಿಲ್ಲಿಸಿ, ಎರಡೂ ಹಳೆಯ ಗ್ರೂಪ್‌ಗಳನ್ನು ಡಿಸ್‌ಮೌಂಟ್ ಮಾಡಿ, ನೀವು ಬರೆದ ಕ್ರಮದಲ್ಲೇ ನಡೆದೆ. ನಡುವೆ ಒಂದು ಕಡೆ ಎಡವಿದೆ: ಟ್ರೇಸ್‌ನಿಂದ ಬಂದ ಸ್ಕ್ರಿಪ್ಟ್‌ನಲ್ಲಿ ಎರಡನೆಯ ಥ್ರೆಡ್‌ನ (ಎರಡನೆಯ ನೋಡ್‌ನ ಇನ್‌ಸ್ಟನ್ಸ್‌ಗೆ ಸೇರಿದ) ರೀಡೂ ಲಾಗ್‌ಗಳು ಕೆಳಗೆ ಪ್ರತ್ಯೇಕ ಸಾಲುಗಳಾಗಿ ಇದ್ದವು, ಅವುಗಳಲ್ಲಿ ಒಂದರ, 'ಎಫ್‌ಆರ್‌ಎ' ಗ್ರೂಪ್‌ನಲ್ಲಿರುವ ಪ್ರತಿಯ ದಾರಿಯನ್ನು ತಿದ್ದಿರಲಿಲ್ಲ. ಗ್ರೂಪ್ ಡಿಸ್‌ಮೌಂಟ್ ಆಗಿದ್ದರಿಂದ ಆ ಸಾಲು ಕೂಡಲೇ ದೋಷ ಕೊಟ್ಟು ನಿಂತಿತು. ಮೌಂಟ್ ಆಗಿದ್ದಿದ್ದರೆ ಅದು ಹಳೆಯ ಪ್ರತಿಯ ರೀಡೂ ಲಾಗನ್ನು ಹುಡುಕಿಕೊಂಡು ಹೋಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ತಿದ್ದಿ ಮತ್ತೆ ಓಡಿಸಿದೆ. ರಿಕವರಿ ಕೆಲವೇ ನಿಮಿಷಗಳಲ್ಲಿ ಮುಗಿಯಿತು, ಡೇಟಾಬೇಸ್ ತೆರೆಯಿತು.

ಎನ್‌ಐಡಿಯಿಂದ ಹೆಸರನ್ನು 'ಎಚ್‌ಆರ್‌ಟಿಎಸ್‌ಟಿ' ಎಂದು ಬದಲಾಯಿಸಿ, ಕ್ಲಸ್ಟರ್‌ನಲ್ಲಿ ನೋಂದಾಯಿಸಿ, ಎರಡೂ ನೋಡ್‌ಗಳಲ್ಲಿ ಎಬ್ಬಿಸಿದ್ದೇನೆ. ಹಳೆಯ ಗ್ರೂಪ್‌ಗಳೂ ಹಳೆಯ ಡೇಟಾಬೇಸೂ ಮತ್ತೆ ಎದ್ದಿವೆ. ಪರೀಕ್ಷಾ ತಂಡ ಇಂದು ಮಧ್ಯಾಹ್ನದಿಂದ ಎರಡನ್ನೂ ಬಳಸುತ್ತಿದೆ. ಫೈಲ್‌ಗಳು 'ಟಿಡೇಟಾ' ಗ್ರೂಪ್‌ನಲ್ಲಿ ಇನ್ನೂ 'ಎಚ್‌ಆರ್‌ಡಿಬಿ' ಎಂಬ ಡೈರೆಕ್ಟರಿಯಲ್ಲೇ ಇವೆ, ಹೊಸದಾಗಿ ಸೇರಿಸಿದ ಟೆಂಪ್‌ಫೈಲ್ ಮಾತ್ರ ಹೊಸ ಹೆಸರಿನ ಡೈರೆಕ್ಟರಿಗೆ ಹೋಗಿದೆ. ಇದನ್ನು ಹೀಗೆಯೇ ಬಿಡಬಹುದೇ?

ಉತ್ತರ 2 ಬರೆದವರಿಂದ

ಬಿಡಬಹುದು, ಕೆಲಸಕ್ಕೆ ತೊಂದರೆಯಿಲ್ಲ. ಈ ಪ್ರತಿ ಕೆಲವೇ ತಿಂಗಳಿನದಾದರೆ ನಾನು ಮುಟ್ಟುವುದಿಲ್ಲ. ಹೆಚ್ಚು ಕಾಲ ಇರುವುದಾದರೆ 12ಸಿಯಿಂದ ಬಂದಿರುವ ಆಲ್ಟರ್ ಡೇಟಾಬೇಸ್ ಮೂವ್ ಡೇಟಾಫೈಲ್ ಆಜ್ಞೆಯಿಂದ, ಡೇಟಾಬೇಸ್ ನಡೆಯುತ್ತಿರುವಾಗಲೇ ಒಂದೊಂದು ಫೈಲನ್ನಾಗಿ ಹೊಸ ಡೈರೆಕ್ಟರಿಗೆ ಸಾಗಿಸಬಹುದು. ಆದರೆ ಅದು ಫೈಲನ್ನು ನಿಜವಾಗಿ ನಕಲು ಮಾಡುವ ಕೆಲಸ, ಬರೀ ಹೆಸರಿನದಲ್ಲ. ಅಷ್ಟು ಖಾಲಿ ಜಾಗವೂ ಸಮಯವೂ ಬೇಕು. ಎರಡು ವಾರಗಳ ನಂತರ ಹಳೆಯ ಪ್ರತಿಯನ್ನು ತೆಗೆಯುವಾಗ ಮಾತ್ರ 'ಎಚ್‌ಆರ್‌ಡಿಬಿ' ಎಂಬ ಡೈರೆಕ್ಟರಿ ಎರಡು ಗ್ರೂಪ್‌ಗಳಲ್ಲಿದೆ ಎಂಬುದು ತಂಡದ ಎಲ್ಲರಿಗೂ ಗೊತ್ತಿರಲಿ.

ಉತ್ತರ 3

ಈ ಚರ್ಚೆಯನ್ನು ಮುಂದೆ ಹುಡುಕಿಕೊಂಡು ಬರುವವರಲ್ಲಿ ಕೆಲವರ ಸಂದರ್ಭ ಬೇರೆ ಇರಬಹುದು: ಸ್ನ್ಯಾಪ್‌ಶಾಟ್ ಇಲ್ಲ, ಇರುವ ಗ್ರೂಪ್‌ನ ಹೆಸರನ್ನೇ ಇದ್ದಲ್ಲಿಯೇ ಬದಲಾಯಿಸಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಅಂಥದ್ದೊಂದನ್ನು ಮಾಡಿದ್ದೆ, ಮತ್ತು ಅದರಲ್ಲಿ ನಾನು ಬಿಟ್ಟ ಒಂದು ಹೆಜ್ಜೆಯಿಂದ ಆದದ್ದನ್ನು ಇಲ್ಲಿ ಬರೆದಿಡಬೇಕೆನಿಸಿತು.

ಗ್ರೂಪನ್ನು ಎಲ್ಲ ನೋಡ್‌ಗಳಲ್ಲಿ ಡಿಸ್‌ಮೌಂಟ್ ಮಾಡಿ, ಹೆಸರು ಬದಲಾಯಿಸಿ, ಫೈಲ್‌ಗಳ ದಾರಿಗಳನ್ನೆಲ್ಲ ತಿದ್ದಿ, ಡೇಟಾಬೇಸ್‌ಗೆ ನೇರವಾಗಿ ಆಜ್ಞೆ ಕೊಡುವ ಎಸ್‌ಕ್ಯೂಎಲ್‌ಪ್ಲಸ್‌ನಿಂದ ಎರಡೂ ಇನ್‌ಸ್ಟನ್ಸ್‌ಗಳನ್ನು (ಒಂದೊಂದು ನೋಡ್‌ನಲ್ಲಿ ನಡೆಯುವ ಡೇಟಾಬೇಸ್ ಪ್ರಕ್ರಿಯೆಗಳನ್ನು) ತೆರೆದೆವು. ಎಲ್ಲವೂ ಸರಿಯಾಗಿತ್ತು, ಕೆಲಸ ಮುಗಿಯಿತೆಂದು ಬರೆದುಕೊಟ್ಟೆ. ಸುಮಾರು ಐದು ವಾರಗಳ ಮೇಲೆ ಆಪರೇಟಿಂಗ್ ಸಿಸ್ಟಮ್‌ನ ಪ್ಯಾಚ್‌ಗಾಗಿ ಒಂದು ನೋಡನ್ನು ರಾತ್ರಿ ರೀಬೂಟ್ ಮಾಡಿದಾಗ ಅದರ ಇನ್‌ಸ್ಟನ್ಸ್ ಏಳಲಿಲ್ಲ. ಕ್ಲಸ್ಟರ್‌ನಲ್ಲಿ ಡೇಟಾಬೇಸ್ ರಿಸೋರ್ಸ್ ಇನ್ನೂ ಹಳೆಯ ಡಿಸ್ಕ್ ಗ್ರೂಪ್‌ನ ರಿಸೋರ್ಸನ್ನೇ ಅವಲಂಬಿಸಿತ್ತು. ಆ ಹೆಸರಿನ ಗ್ರೂಪ್ ಎಲ್ಲಿಯೂ ಇಲ್ಲದ್ದರಿಂದ ಅದು ಮೌಂಟ್ ಆಗಲಿಲ್ಲ, ಅದು ಆಗದ್ದರಿಂದ ಡೇಟಾಬೇಸ್ ಆರಂಭವಾಗಲಿಲ್ಲ. ಎಸ್‌ಕ್ಯೂಎಲ್‌ಪ್ಲಸ್‌ನಿಂದ ಎಬ್ಬಿಸುವಾಗ ಕ್ಲಸ್ಟರ್ ಈ ಅವಲಂಬನೆಯನ್ನು ನೋಡುವುದಿಲ್ಲವಾದ್ದರಿಂದ ಮೊದಲ ದಿನ ತಪ್ಪು ಕಾಣಲೇ ಇಲ್ಲ. ಕಾರಣ ಹುಡುಕುವಷ್ಟರಲ್ಲಿ ಬೆಳಗಿನ ಜಾವ ಮೂರು ಗಂಟೆ.

ಆದ್ದರಿಂದ ಇದ್ದಲ್ಲಿಯೇ ಹೆಸರು ಬದಲಾಯಿಸುವವರು ಕ್ಲಸ್ಟರ್‌ನ ರಿಸೋರ್ಸ್‌ಗಳನ್ನು ನಿರ್ವಹಿಸುವ ಎಸ್‌ಆರ್‌ವಿಸಿಟಿಎಲ್‌ನಿಂದ ಡೇಟಾಬೇಸ್‌ನ ಸಂರಚನೆಯನ್ನು ಹೊರತೆಗೆದು ಡಿಸ್ಕ್ ಗ್ರೂಪ್‌ಗಳ ಪಟ್ಟಿ, ಎಸ್‌ಪಿಫೈಲ್‌ನ ದಾರಿ, ಪಾಸ್‌ವರ್ಡ್ ಫೈಲ್‌ನ ದಾರಿ ಮೂರನ್ನೂ ಮಾಡಿಫೈ ಮಾಡಿ. ಪಾಸ್‌ವರ್ಡ್ ಫೈಲ್ 12ಸಿಯಿಂದ ಎಎಸ್‌ಎಂನಲ್ಲಿ ಇರಬಹುದು, ಹಳೆಯ ಟಿಪ್ಪಣಿಗಳಲ್ಲಿ ಅದರ ಪ್ರಸ್ತಾಪವಿಲ್ಲ. ಆಮೇಲೆ ಹಳೆಯ ಹೆಸರಿನ ಗ್ರೂಪ್ ರಿಸೋರ್ಸನ್ನು ತೆಗೆದುಹಾಕಿ, ಡೇಟಾಬೇಸನ್ನು ಎಸ್‌ಆರ್‌ವಿಸಿಟಿಎಲ್‌ನಿಂದಲೇ ನಿಲ್ಲಿಸಿ, ಎಸ್‌ಆರ್‌ವಿಸಿಟಿಎಲ್‌ನಿಂದಲೇ ಎಬ್ಬಿಸಿ ನೋಡಿ. ಸಾಧ್ಯವಿದ್ದರೆ ಅದೇ ಅವಧಿಯಲ್ಲಿ ಒಂದು ನೋಡನ್ನು ರೀಬೂಟ್ ಮಾಡಿಯೂ ನೋಡಿ.

ಇನ್ನೂ ಮೂರು ಕಡೆ ಹಳೆಯ ಹೆಸರು ಅಡಗಿರುವುದನ್ನು ನಾನು ಕಂಡಿದ್ದೇನೆ. ಆರ್‌ಮ್ಯಾನ್‌ನಲ್ಲಿ ಸ್ನ್ಯಾಪ್‌ಶಾಟ್ ಕಂಟ್ರೋಲ್ ಫೈಲ್‌ಗೆ ಕೊಟ್ಟ ದಾರಿ, ಇದು ಮುಂದಿನ ಬ್ಯಾಕಪ್‌ನಲ್ಲಿ ಮಾತ್ರ ಬಯಲಾಗುತ್ತದೆ. ಸ್ಟ್ಯಾಂಡ್‌ಬೈ (ಮೂಲ ಡೇಟಾಬೇಸ್‌ನ ಮೀಸಲು ಪ್ರತಿ) ಇದ್ದರೆ ಅಲ್ಲಿನ ಫೈಲ್ ನೇಮ್ ಕನ್ವರ್ಟ್ ಪ್ಯಾರಾಮೀಟರ್‌ಗಳು, ಇವು ಪ್ರೈಮರಿಯಲ್ಲಿ ಹೊಸ ಫೈಲ್ ಸೇರಿಸಿದ ದಿನ ಬಯಲಾಗುತ್ತವೆ. ಟಿಡಿಇ ವ್ಯಾಲೆಟ್ (ದತ್ತಾಂಶದ ಗೂಢಲಿಪಿಯ ಕೀಲಿಗಳಿರುವ ಕಡತ) ಎಎಸ್‌ಎಂನಲ್ಲಿದ್ದರೆ ವ್ಯಾಲೆಟ್ ರೂಟ್ ಪ್ಯಾರಾಮೀಟರ್. ಅದನ್ನು ಮರೆತರೆ ಡೇಟಾಬೇಸ್ ತೆರೆದರೂ ಗೂಢಲಿಪೀಕರಿಸಿದ ಟೇಬಲ್‌ಸ್ಪೇಸ್‌ಗಳ ದತ್ತಾಂಶ ಸಿಗುವುದಿಲ್ಲ.

ಓಸಿಆರ್ ಮತ್ತು ವೋಟಿಂಗ್ ಫೈಲ್‌ಗಳಿರುವ ಗ್ರೂಪ್‌ಗೆ ಮಾತ್ರ ಈ ಕ್ರಮ ಹೊಂದುವುದಿಲ್ಲ, ಏಕೆಂದರೆ ಕ್ಲಸ್ಟರ್ ನಡೆಯುತ್ತಿರುವಷ್ಟು ಹೊತ್ತು ಅದನ್ನು ಡಿಸ್‌ಮೌಂಟ್ ಮಾಡಲಾಗದು. ಅದಕ್ಕೆ ನಾನು ರಿನೇಮ್‌ಡಿಜಿಯನ್ನು ಬಳಸಿಯೇ ಇಲ್ಲ. ಬೇಕಾದ ಹೆಸರಿನ ಹೊಸ ಚಿಕ್ಕ ಗ್ರೂಪ್ ಒಂದನ್ನು ರಚಿಸಿ, ಓಸಿಆರ್, ವೋಟಿಂಗ್ ಫೈಲ್ ಮತ್ತು ಎಎಸ್‌ಎಂನ ಎಸ್‌ಪಿಫೈಲ್‌ಗಳನ್ನು ಅಲ್ಲಿಗೆ ಸ್ಥಳಾಂತರಿಸಿ, ಕ್ಲಸ್ಟರನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿದ ಮೇಲೆ ಹಳೆಯ ಗ್ರೂಪನ್ನು ಡ್ರಾಪ್ ಮಾಡಿದ್ದೇನೆ.